ಆಟದ ಬಯಲಿನ ಗುರು

ತುಮಕೂರು ರಸ್ತೆಯ ಎಂಟನೆಯ ಮೈಲಿಯಿಂದ ಹೆಸರಘಟ್ಟದ ಕಡೆಗೆ ತಿರುಗಿದರೆ ಬಾಗಲಗುಂಟೆ ಸಿಕ್ಕುತ್ತದೆ. ಒಂದು ಕಾಲಕ್ಕೆ ಇದು ಬೆಂಗಳೂರಿನ ಹೊರಗಿದ್ದ ಹಳ್ಳಿ. ಸಮೀಪದ ಪೀಣ್ಯದಲ್ಲಿ ಕಾರ್ಖಾನೆಗಳು ಒಂದರ ಪಕ್ಕದಲ್ಲಿ ಒಂದು ಎದ್ದಂತೆಲ್ಲ ಇಲ್ಲಿನ ಹೊಲಗಳು ಬಡಾವಣೆಗಳಾದುವು. ಕೆಲಸವನ್ನು ಅರಸಿ ದೂರದ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದ ಕುಟುಂಬಗಳು ಇಲ್ಲಿ ನೆಲೆಸಿದುವು. ತಂದೆ ತಾಯಿಗಳು ದುಡಿಯಲು ಹೋದ ಹೊತ್ತಿನಲ್ಲಿ ಮಕ್ಕಳು ಎಲ್ಲಿರಬೇಕು? ರಜೆಯ ದಿನ ಒಂದು ಖಾಲಿ ನಿವೇಶನ ಕಣ್ಣಿಗೆ ಬಿದ್ದರೆ ಸಾಕು, ಹುಡುಗರು ಮೂರು ಕೋಲು ನೆಟ್ಟು ಕ್ರಿಕೆಟ್ ಆಡತೊಡಗುತ್ತಾರೆ. ಅಲ್ಲಿ ಮನೆಯೊಂದರ ಪಾಯ ತೋಡಿದರೆ ಕೋಲುಗಳನ್ನು ಕಿತ್ತುಕೊಂಡು ಮತ್ತೊಂದು ನಿವೇಶನವನ್ನು ಹುಡುಕುತ್ತಾರೆ. ಅವರ ಗದ್ದಲವನ್ನು ಸಹಿಸಲಾರದೆ ನೆರೆಯವರು ಗದರಿಸಿ ಅಟ್ಟುವುದೂ ಉಂಟು.

ಕೈಗಾರಿಕೆ ಬೆಳೆದ ಊರುಗಳಲ್ಲೆಲ್ಲ ಇದು ಸಾಮಾನ್ಯ ದೃಶ್ಯ. ಸುಮಾರು 180 ವರ್ಷಗಳ ಹಿಂದೆ ಇಟಲಿಯ ಟ್ಯೂರಿನ್ ನಗರದಲ್ಲಿಯೂ ಹೀಗೆಯೇ ಇತ್ತು. ಬೆಟ್ಟದ ಹಳ್ಳಿಗಳಿಂದ ಕೂಲಿಗಾಗಿ ಬಂದ ನೂರಾರು ಹುಡುಗರು ವಾರವೆಲ್ಲ ದುಡಿದು, ಭಾನುವಾರ ಹೋಗಲು ಒಂದು ಎಡೆಯಿಲ್ಲದೆ ಬೀದಿ ಬೀದಿ ಅಲೆಯುತ್ತಿದ್ದರು. ಊರಿನವರು ಅವರನ್ನು ಪುಂಡರೆಂದು ಕರೆದು ದೂರವಿಟ್ಟರು. ಒಬ್ಬ ತರುಣ ಪಾದ್ರಿ ಮಾತ್ರ ಅವರ ನಡುವೆ ಹೋಗಿ ನಿಂತು, ಅವರೊಡನೆ ಓಡಿ, ಚೆಂಡಾಡಿ, ಆ ಆಟದ ಮೂಲಕವೇ ಅವರನ್ನು ಅಕ್ಷರಕ್ಕೂ ಕಸುಬಿಗೂ ಸನ್ನಡತೆಗೂ ಕರೆತಂದರು. ಅವರೇ ಜಾನ್ ಬಾಸ್ಕೊ. ಇಟಲಿಯಲ್ಲಿ ಪಾದ್ರಿಗಳ ಹೆಸರಿನ ಮೊದಲಿಗೆ ಗೌರವಾರ್ಥವಾಗಿ ಡಾನ್ ಎಂಬ ಪದವನ್ನು ಸೇರಿಸುವುದು ವಾಡಿಕೆ. ಆದುದರಿಂದ ಲೋಕವು ಅವರನ್ನು ಡಾನ್ ಬಾಸ್ಕೊ ಎಂದೇ ಬಲ್ಲದು.

ಜಾನ್ ಬಾಸ್ಕೊ ಹುಟ್ಟಿದುದು 1815ನೆಯ ಇಸವಿ ಆಗಸ್ಟ್ 16ರಂದು, ಟ್ಯೂರಿನ್ನಿಗೆ ಅನತಿದೂರದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಫ್ರಾನ್ಸಿಸ್ ಬಡ ರೈತ. ದುಡಿದು ಬೆವರಿದ ಮೈಯಲ್ಲಿಯೇ ತಣ್ಣನೆಯ ನೆಲಮಾಳಿಗೆಗೆ ಇಳಿದುದರಿಂದ ಜ್ವರ ಬಂದು 1817ರಲ್ಲಿ ಆತ ತೀರಿಕೊಂಡ. ಆಗ ಜಾನನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ಮುಪ್ಪಿನ ಅತ್ತೆ, ಗಂಡನ ಮೊದಲ ಹೆಂಡತಿಯ ಮಗ ಆಂಟನಿ, ತನ್ನ ಇಬ್ಬರು ಎಳೆಯ ಮಕ್ಕಳು, ಜೊತೆಗೆ ಆ ವರ್ಷದ ಬರಗಾಲ. ಇಷ್ಟರ ನಡುವೆ ತಾಯಿ ಮಾರ್ಗರೀಟಾ ಸಂಸಾರವನ್ನು ಎತ್ತಿ ನಿಲ್ಲಿಸಿದಳು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಕ್ಕಳನ್ನು ಹೊಡೆಯದೆ ಬಡಿಯದೆ, ಅಂಕೆಯನ್ನೂ ಸಡಿಲಿಸದೆ ಬೆಳೆಸುವ ಬಗೆ ಆಕೆಗೆ ತಿಳಿದಿತ್ತು. ಜಾನನಿಗೆ ಮೊದಲ ಗುರು ಆಕೆಯೇ.

ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಒಂದು ಕನಸನ್ನು ಕಂಡ. ಮನೆಯ ಬಳಿಯ ಅಂಗಳದಲ್ಲಿ ಹುಡುಗರ ಗುಂಪೊಂದು ಆಡುತ್ತಿದೆ. ಕೆಲವರು ನಗುತ್ತಿದ್ದಾರೆ, ಕೆಲವರು ಕೆಟ್ಟ ಮಾತುಗಳನ್ನು ಆಡುತ್ತ ಕಚ್ಚಾಡುತ್ತಿದ್ದಾರೆ. ಜಾನ್ ಅವರ ಮೇಲೆ ಮುಷ್ಟಿಯೆತ್ತಿ ನುಗ್ಗುತ್ತಾನೆ. ಅಷ್ಟರಲ್ಲಿ ತೇಜಸ್ವಿಯಾದ ಪುರುಷನೊಬ್ಬನು ಕಾಣಿಸಿಕೊಂಡು, ಇವರನ್ನು ಗುದ್ದಿನಿಂದ ಗೆಲ್ಲಲಾಗದು, ಮೃದುತ್ವದಿಂದ ಗೆಲ್ಲಬೇಕೆಂದು ತಿಳಿಸುತ್ತಾನೆ. ಬೆಳಗ್ಗೆ ಎದ್ದು ಮನೆಯವರಿಗೆ ಹೇಳಿದಾಗ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿದರು. ಮುಂದೆ ವೃದ್ಧಾಪ್ಯದವರೆಗೂ ಆ ಕನಸು ತಮ್ಮ ಮನಸ್ಸಿನಿಂದ ಅಳಿಯಲಿಲ್ಲವೆಂದು ಬಾಸ್ಕೊ ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಹುಡುಗರ ಮನಸ್ಸನ್ನು ಗೆಲ್ಲಲು ಜಾನ್ ಅಂದೇ ಒಂದು ಉಪಾಯವನ್ನು ಕಂಡುಕೊಂಡ. ಜಾತ್ರೆ ಸಂತೆಗಳಿಗೆ ಕಸರತ್ತಿನ ಆಟಗಾರರು ಬರುತ್ತಿದ್ದರು. ಜಾನ್ ಮುಂದಿನ ಸಾಲಿನಲ್ಲಿ ನಿಂತು ಅವರ ಕೈಚಳಕವನ್ನು ಎವೆಯಿಕ್ಕದೆ ನೋಡುವನು, ಮನೆಗೆ ಬಂದು ಬಿದ್ದು ಎದ್ದು ಅಭ್ಯಾಸ ಮಾಡುವನು. ಕೆಲವು ತಿಂಗಳಲ್ಲಿ ಲಾಗ ಹಾಕುವುದು, ಕೈಗಳ ಮೇಲೆ ನಡೆಯುವುದು, ಹಗ್ಗದ ಮೇಲೆ ಕುಣಿಯುವುದು ಅವನಿಗೆ ಕರಗತವಾದುವು. ಬೆಕ್ಕಿಯ ಹುಲ್ಲುಗಾವಲಿನಲ್ಲಿ ಒಂದು ಪೇರ್ ಹಣ್ಣಿನ ಮರವಿತ್ತು. ಅದಕ್ಕೂ ಮತ್ತೊಂದು ಮರಕ್ಕೂ ಹಗ್ಗ ಬಿಗಿದು ರಜಾದಿನಗಳಲ್ಲಿ ಆತ ಆಟ ತೋರಿಸತೊಡಗಿದ. ಹಿರಿಯರೂ ಕಿರಿಯರೂ ನೆರೆಯುತ್ತಿದ್ದರು. ನೋಡಲು ಹಣ ಕೊಡಬೇಕಾಗಿರಲಿಲ್ಲ. ಆದರೆ ಆಟದ ನಡುವೆ ಎಲ್ಲರೂ ಕೂಡಿ ಪ್ರಾರ್ಥನೆ ಮಾಡಬೇಕು, ಅಂದು ಚರ್ಚಿನಲ್ಲಿ ಕೇಳಿದ ಉಪದೇಶವನ್ನು ಜಾನನ ಬಾಯಿಂದ ಮತ್ತೊಮ್ಮೆ ಕೇಳಬೇಕು. ಬೇಡವೆಂದವರು ಹೊರಟುಹೋಗಬಹುದು. ಹಗ್ಗದಾಟದ ಆಸೆಯಿಂದ ಯಾರೂ ಏಳುತ್ತಿರಲಿಲ್ಲ.

ಓದಬೇಕೆಂಬ ಹಂಬಲ ಮಾತ್ರ ಸುಲಭವಾಗಿ ಕೈಗೂಡಲಿಲ್ಲ. ಹೊಲದಲ್ಲಿ ದುಡಿಯುವವನಿಗೆ ಪುಸ್ತಕವೇಕೆಂದು ಅಣ್ಣ ಆಂಟನಿ ಸಿಡಿಮಿಡಿಗೊಂಡ. ಮನೆಯ ಶಾಂತಿಗಾಗಿ ತಾಯಿ ಹನ್ನೆರಡು ವರ್ಷದ ಜಾನನನ್ನು ಬೇರೊಬ್ಬರ ಹೊಲಮನೆಗೆ ಆಳಾಗಿ ಕಳುಹಿಸಬೇಕಾಯಿತು. ಹಿಂದಿರುಗಿದ ಮೇಲೆ ಕಲೊಸ್ಸೊ ಎಂಬ ವೃದ್ಧ ಪಾದ್ರಿ ಲ್ಯಾಟಿನ್ ಪಾಠ ಹೇಳಿದರು. 1830ರಲ್ಲಿ ಅವರೂ ತೀರಿಕೊಂಡರು. ಮರುವರ್ಷ ಕಿಯೇರಿ ಎಂಬ ಪಟ್ಟಣದ ಶಾಲೆಗೆ ಸೇರಿದಾಗ ಜಾನನಿಗೆ 16 ವರ್ಷ. ತರಗತಿಯಲ್ಲಿ ಸುತ್ತಲೂ ಕುಳಿತವರು ಚಿಕ್ಕ ಮಕ್ಕಳು. ಆತ ನಾಚಲಿಲ್ಲ. ಹೊಟ್ಟೆಪಾಡಿಗಾಗಿ ಕಾಫಿ ಅಂಗಡಿಯಲ್ಲಿ ದುಡಿದ. ಹೊಲಿಗೆ, ಕಮ್ಮಾರಿಕೆ, ಮರಗೆಲಸಗಳನ್ನು ಬಿಡುವಿನಲ್ಲಿ ಕಲಿತ. ಆ ಕಸುಬುಗಳೆಲ್ಲ ಮುಂದೆ ನೂರಾರು ಮಕ್ಕಳ ಅನ್ನಕ್ಕೆ ದಾರಿಯಾಗುವುವೆಂದು ಆಗ ಯಾರಿಗೂ ತೋರಿರಲಾರದು.

ಕಿಯೇರಿಯಲ್ಲಿ ಜಾನ್ ಗೆಳೆಯರನ್ನು ಕೂಡಿಸಿ 1832ರಲ್ಲಿ ಉಲ್ಲಾಸ ಸಂಘವನ್ನು ಕಟ್ಟಿದ. ಅದರ ನಿಯಮಗಳು ಸರಳ: ನಡತೆಗೆ ಕುಂದು ತರುವ ಮಾತು ಕೃತಿಗಳಿಗೆ ಇಳಿಯಬಾರದು, ಶಾಲೆಯ ಕೆಲಸವನ್ನು ತಪ್ಪದೆ ಮಾಡಬೇಕು, ಸದಾ ನಗುನಗುತ್ತಿರಬೇಕು. ಅದೇ ಕಾಲಕ್ಕೆ ಆ ಪಟ್ಟಣಕ್ಕೆ ಕಸರತ್ತಿನ ಆಟಗಾರನೊಬ್ಬ ಬಂದ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುವ ಹೊತ್ತಿಗೇ ಆತ ಆಟ ಹೂಡುತ್ತಿದ್ದುದರಿಂದ ಹುಡುಗರೆಲ್ಲ ಅತ್ತ ಓಡುತ್ತಿದ್ದರು. ಇದನ್ನು ತಡೆಯಬೇಕೆಂದು ಗೆಳೆಯರು ಜಾನನನ್ನು ಪಂದ್ಯಕ್ಕೆ ನಿಲ್ಲಿಸಿದರು. ಮೊದಲು ಓಟ, ಪಣ 20 ಲೀರಾ. ಹಣವನ್ನು ಗೆಳೆಯರು ಕೂಡಿಹಾಕಿದರು. ಜಾನ್ ಗೆದ್ದ. ಎರಡನೆಯದು ಕಾಲುವೆಯನ್ನು ಹಾರುವ ಪಂದ್ಯ. ಕಾಲುವೆಯ ಆಚೆ ದಂಡೆಯಲ್ಲಿ ಗೋಡೆಯಿದ್ದುದರಿಂದ ಅದರ ಬುಡಕ್ಕಿಂತ ಮುಂದೆ ಹಾರುವಂತಿರಲಿಲ್ಲ. ಆಟಗಾರ ಅಲ್ಲಿಗೆ ನಿಂತ. ಜಾನ್ ಹಾರಿ, ಗೋಡೆಯ ಮೇಲೆ ಕೈಯೂರಿ, ಅದರಾಚೆಗೆ ನೆಗೆದ. ಮೂರನೆಯದಾದ ಕೋಲಿನ ಚಮತ್ಕಾರದಲ್ಲಿಯೂ ಅವನೇ ಗೆದ್ದ. ಕೊನೆಗೆ ಒಂದು ಎತ್ತರದ ಮರವನ್ನು ಹತ್ತುವ ಪಂದ್ಯ, ಪಣ 100 ಲೀರಾ. ಆಟಗಾರ ಇನ್ನೊಂದು ಗೇಣು ಏರಿದರೆ ಕೊಂಬೆ ಮುರಿಯುವುದೆಂಬಷ್ಟು ಮೇಲಕ್ಕೆ ಹೋಗಿ ಬಂದ. ಜಾನ್ ಅಷ್ಟೇ ಎತ್ತರಕ್ಕೆ ಏರಿ, ಕೈಗಳಿಂದ ಮರವನ್ನು ಹಿಡಿದು, ದೇಹವನ್ನು ತಲೆಕೆಳಗು ಮಾಡಿ ಕಾಲುಗಳನ್ನು ಆಕಾಶಕ್ಕೆ ಎತ್ತಿದ. ಅವನ ಪಾದಗಳು ಆಟಗಾರ ಮುಟ್ಟಿದ ಎತ್ತರವನ್ನು ಮೀರಿದ್ದುವು. ಸೋತವನ ಮುಖ ಬಾಡಿತು. ಅವನ ಜೀವನೋಪಾಯವನ್ನು ಕಸಿಯಲು ಹುಡುಗರಿಗೆ ಮನಸ್ಸಾಗಲಿಲ್ಲ. ಗೆಳೆಯರಿಗೆಲ್ಲ ಒಂದು ಊಟ ಹಾಕಿಸಿದರೆ ಹಣವನ್ನೆಲ್ಲ ಹಿಂದಿರುಗಿಸುವುದಾಗಿ ಒಪ್ಪಿಕೊಂಡರು. ಆಟಗಾರ ಸಂತೋಷದಿಂದ ಊಟ ಹಾಕಿಸಿ ಊರು ಬಿಟ್ಟ. ಗೆಲ್ಲುವುದು ಎಷ್ಟು ಮುಖ್ಯವೋ ಸೋತವನನ್ನು ಕಾಣುವ ಬಗೆಯೂ ಅಷ್ಟೇ ಮುಖ್ಯವೆಂಬುದನ್ನು ಜಾನ್ ಆ ವಯಸ್ಸಿನಲ್ಲಿಯೇ ತಿಳಿದಿದ್ದ.

1841ನೆಯ ಇಸವಿ ಜೂನ್ 5ರಂದು ಜಾನ್ ಬಾಸ್ಕೊ ಅವರು ಪಾದ್ರಿಯಾಗಿ ದೀಕ್ಷೆ ಪಡೆದರು. ಹೆಚ್ಚಿನ ಅಧ್ಯಯನಕ್ಕಾಗಿ ಟ್ಯೂರಿನ್ನಿಗೆ ಬಂದಾಗ ಗುರು ಕಫಾಸ್ಸೊ ಅವರು ತರುಣ ಬಾಸ್ಕೊ ಅವರನ್ನು ಅಲ್ಲಿನ ಸೆರೆಮನೆಗಳಿಗೆ ಕರೆದೊಯ್ದರು. ಅಲ್ಲಿ ಕಂಡ ನೋಟ ಅವರನ್ನು ತಲ್ಲಣಗೊಳಿಸಿತು. ಹನ್ನೆರಡರಿಂದ ಹದಿನೆಂಟರ ವಯಸ್ಸಿನ, ಆರೋಗ್ಯವಂತರೂ ಚುರುಕು ಬುದ್ಧಿಯವರೂ ಆದ ಹುಡುಗರು ಹೇನು ತಿಗಣೆಗಳ ನಡುವೆ ಕೊಳೆಯುತ್ತ ಬಿದ್ದಿದ್ದರು. ಬಿಡುಗಡೆಯಾಗಿ ಹೋದವರು ಮತ್ತೆ ಕೆಲವೇ ದಿನಗಳಲ್ಲಿ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರನ್ನು ತಮ್ಮವರೆಂದು ಕರೆಯುವವರು ಯಾರೂ ಇರಲಿಲ್ಲ. ಅವರು ಮರಳುವುದಕ್ಕೆ ಮುಖ್ಯ ಕಾರಣ ಅದೇ. ಸೆರೆಮನೆಯ ಬಾಗಿಲಲ್ಲಿ ಕಾಯುವುದಕ್ಕಿಂತ ಅದಕ್ಕೆ ಬಹಳ ಮೊದಲೇ, ಬೀದಿಯಲ್ಲಿಯೇ ಈ ಹುಡುಗರನ್ನು ಕಾಣಬೇಕೆಂದು ಬಾಸ್ಕೊ ನಿಶ್ಚಯಿಸಿದರು.

ಆ ವರ್ಷದ ಡಿಸೆಂಬರ್ 8ರಂದು ಅವರು ಪೂಜೆಗೆ ಸಿದ್ಧರಾಗುತ್ತಿದ್ದಾಗ ಪಕ್ಕದ ಕೋಣೆಗೆ ಹುಡುಗನೊಬ್ಬ ಬಂದು ಸುಮ್ಮನೆ ನಿಂತ. ಪೂಜೆಗೆ ನೆರವಾಗಲು ಅವನಿಗೆ ಬಾರದೆಂದು ತಿಳಿದ ಚರ್ಚಿನ ಪರಿಚಾರಕ ಅವನನ್ನು ಹೊಡೆದು ಓಡಿಸಿದ. ಬಾಸ್ಕೊ ಅವರು ಪರಿಚಾರಕನನ್ನು ಆಕ್ಷೇಪಿಸಿ, ಆ ಹುಡುಗ ತಮ್ಮ ಸ್ನೇಹಿತನೆಂದು ಹೇಳಿ ಹಿಂದಕ್ಕೆ ಕರೆಯಿಸಿದರು. ಅವನ ಹೆಸರು ಬಾರ್ತೊಲೊಮೇಯೊ ಗರೆಲ್ಲಿ. ವಯಸ್ಸು 16, ಕಸುಬು ಗಾರೆ ಕೆಲಸ, ತಂದೆ ತಾಯಿಗಳಿಲ್ಲ. ಓದಲು ಬರುವುದೇ, ಬರೆಯಲು ಬರುವುದೇ ಎಂಬ ಪ್ರಶ್ನೆಗಳಿಗೆಲ್ಲ ಅವನು ತಲೆಯಲ್ಲಾಡಿಸಿದ. ಹಾಗಾದರೆ ಸಿಳ್ಳೆ ಹಾಕಲು ಬರುವುದೇ ಎಂದು ಬಾಸ್ಕೊ ಕೇಳಿದಾಗ ಹುಡುಗನ ಮುಖದಲ್ಲಿ ನಗೆ ಮೂಡಿತು. ಅಂದೇ ಪಾಠ ಆರಂಭವಾಯಿತು. ಮುಂದಿನ ಭಾನುವಾರ ಗರೆಲ್ಲಿ ತನ್ನ ಗೆಳೆಯರನ್ನೂ ಕರೆತಂದ. ಈ ಭಾನುವಾರದ ಕೂಟಕ್ಕೆ ಒರೆಟರಿ ಎಂದು ಹೆಸರಾಯಿತು. ಪ್ರಾರ್ಥನೆಯ ಮನೆ ಎಂದು ಅದರ ಅರ್ಥ. ಆದರೆ ಬಾಸ್ಕೊ ಅವರ ಒರೆಟರಿಯಲ್ಲಿ ಪ್ರಾರ್ಥನೆಯಷ್ಟೇ ಅಕ್ಷರಾಭ್ಯಾಸವೂ, ಅಕ್ಷರಾಭ್ಯಾಸದಷ್ಟೇ ಆಟವೂ ಇದ್ದುವು.

ಹುಡುಗರ ಸಂಖ್ಯೆ ನೂರನ್ನು ದಾಟಿತು, ಇನ್ನೂರನ್ನು ದಾಟಿತು. ಇಷ್ಟು ಮಂದಿ ಓಡಿ ಕುಣಿಯಲು ಎಡೆಯೆಲ್ಲಿ? ಅವರದು ಗಾಳಿಗೆ ಸಿಕ್ಕ ತರಗೆಲೆಯ ಪಾಡಾಯಿತು. 1844ರಿಂದ 1846ರವರೆಗೆ ಒರೆಟರಿ ಸ್ಥಳದಿಂದ ಸ್ಥಳಕ್ಕೆ ಅಲೆಯಿತು. ಒಂದು ಕಡೆ ಸ್ಮಶಾನದ ಚರ್ಚಿನ ಬಳಿ ಆಡಿದಾಗ ಅಲ್ಲಿನ ಪಾದ್ರಿಯ ಮನೆಯಾಕೆ ಕೂಗಾಡಿದಳು. ಒಂದೇ ಭಾನುವಾರಕ್ಕೆ ಅಲ್ಲಿಂದ ಕಾಲ್ತೆಗೆಯಬೇಕಾಯಿತು. ಹಿಟ್ಟಿನ ಗಿರಣಿಗಳ ಬಳಿಗೆ ಹೋದಾಗ ಗಿರಣಿಯವರು ಗದ್ದಲದ ಮೇಲೆ ದೂರಿತ್ತರು. ಬಾಡಿಗೆಗೆ ಹಿಡಿದ ಹುಲ್ಲುಗಾವಲಿನ ಒಡೆಯರು, ಹುಡುಗರ ತುಳಿತಕ್ಕೆ ಹುಲ್ಲಿನ ಬೇರೂ ಉಳಿಯದೆಂದು ಹೇಳಿ ಜಾಗ ಬಿಡುವಂತೆ ತಿಳಿಸಿದರು. ನಗರದ ಆಡಳಿತದ ಹೊಣೆ ಹೊತ್ತಿದ್ದ ಮಾರ್ಕ್ವಿಸ್ ಕವೂರ್, ಇಷ್ಟೊಂದು ಪುಂಡರು ಒಂದೆಡೆ ನೆರೆದರೆ ದಂಗೆಯಾದೀತೆಂದು ಶಂಕಿಸಿದ. ಇಟಲಿಯ ಮೊದಲ ಪ್ರಧಾನಿಯಾಗಿ ಪ್ರಖ್ಯಾತನಾದ ಕವೂರನ ತಂದೆ ಈತ.

ಇಷ್ಟೆಲ್ಲದರ ನಡುವೆಯೂ ಬಾಸ್ಕೊ ಅವರು ವಿಶಾಲವಾದ ಬಯಲು, ದೊಡ್ಡ ಶಾಲೆ, ಕಾರ್ಯಾಗಾರಗಳು ತಮ್ಮದಾಗುವುವೆಂದು ಕಣ್ಣಿಗೆ ಕಟ್ಟಿದಂತೆ ಹೇಳುತ್ತಿದ್ದರು. ಮಿತ್ರರಿಗೆ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲವೆಂಬ ಸಂದೇಹ ಬಂತು. ಒಂದು ದಿನ ಇಬ್ಬರು ಪಾದ್ರಿಗಳು ಗಾಡಿ ತಂದು, ತಿರುಗಾಡಿ ಬರೋಣವೆಂದು ಅವರನ್ನು ಕರೆದರು. ಗಾಡಿ ಹೋಗಬೇಕಾಗಿದ್ದುದು ಹುಚ್ಚಾಸ್ಪತ್ರೆಗೆ. ಬಾಸ್ಕೊ ಅವರಿಗೆ ಸೂಕ್ಷ್ಮ ತಿಳಿಯಿತು. ಹಿರಿಯರು ಮೊದಲು ಹತ್ತಬೇಕೆಂದು ವಿನಯದಿಂದ ಅವರನ್ನು ಒಳಗೆ ಕೂರಿಸಿ, ಬಾಗಿಲು ಮುಚ್ಚಿ, ನೇರವಾಗಿ ಆಸ್ಪತ್ರೆಗೆ ಹೊಡೆಯುವಂತೆ ಗಾಡಿಯವನಿಗೆ ಹೇಳಿದರು. ಒಬ್ಬ ರೋಗಿಯನ್ನು ಎದುರುನೋಡುತ್ತಿದ್ದ ಆಸ್ಪತ್ರೆಯವರಿಗೆ ಇಬ್ಬರು ದೊರೆತರು!

ನಗೆಯ ಹಿಂದೆ ನೋವೂ ಇತ್ತು. 1846ರ ಏಪ್ರಿಲ್ 5, ಹುಲ್ಲುಗಾವಲಿನಲ್ಲಿ ಕೊನೆಯ ಭಾನುವಾರ. ಮುಂದಿನ ವಾರ ಎಲ್ಲಿ ಸೇರಬೇಕೆಂದು ಹುಡುಗರಿಗೆ ಹೇಳಲು ಬಾಸ್ಕೊ ಅವರ ಬಳಿ ಉತ್ತರವಿರಲಿಲ್ಲ. ಮಕ್ಕಳು ಆಡುತ್ತಿದ್ದರು, ಅವರು ಒಂದು ಮೂಲೆಯಲ್ಲಿ ನಡೆದಾಡುತ್ತ ಕಣ್ಣೀರಿಟ್ಟರು. ಆ ಸಂಜೆಯೇ ಒಬ್ಬ ಮನುಷ್ಯ ಬಂದು, ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ಡಿ ಎಂಬಾತನ ಕೊಟ್ಟಿಗೆಯೊಂದು ಬಾಡಿಗೆಗಿದೆಯೆಂದು ತಿಳಿಸಿದ. ಕೊಟ್ಟಿಗೆಯ ಮಾಡು ತಲೆಗೆ ತಾಗುವಷ್ಟು ತಗ್ಗಾಗಿತ್ತು. ನೆಲವನ್ನು ಅಗೆದು ತಗ್ಗಿಸಿಕೊಟ್ಟರೆ ಆದೀತೆಂದು ಬಾಸ್ಕೊ ಒಪ್ಪಿದರು. ಆದರೆ ಅದರ ಸುತ್ತಲಿನ ಬಯಲೂ ಬಾಡಿಗೆಯ ಕರಾರಿನಲ್ಲಿ ಸೇರಿರಬೇಕೆಂದು ಅವರು ಹಟ ಹಿಡಿದರು. ಏಪ್ರಿಲ್ 12ರ ಈಸ್ಟರ್ ಹಬ್ಬದಂದು ಹುಡುಗರು ಆ ಬಯಲಿಗೆ ಕಾಲಿಟ್ಟರು. ಮತ್ತೆ ಅಲ್ಲಿಂದ ಅವರನ್ನು ಯಾರೂ ಏಳಿಸಲಿಲ್ಲ.

ಅತಿಯಾದ ದುಡಿಮೆಯಿಂದ ಅದೇ ಬೇಸಗೆಯಲ್ಲಿ ಬಾಸ್ಕೊ ಅವರು ಸಾವಿನ ಅಂಚನ್ನು ಮುಟ್ಟಿ ಬಂದರು. ಗಾರೆ ಕೆಲಸದ ಹುಡುಗರು ಉಪವಾಸವಿದ್ದು ಅವರಿಗಾಗಿ ಪ್ರಾರ್ಥಿಸಿದರು. ಚೇತರಿಸಿಕೊಂಡು ನವೆಂಬರಿನಲ್ಲಿ ಮರಳುವಾಗ ಅವರು ತಾಯಿಯನ್ನೂ ಕರೆತಂದರು. ಆಗ ಮಾರ್ಗರೀಟಾ ಅವರಿಗೆ 58 ವರ್ಷ. ತಮ್ಮ ಮದುವೆಯ ಉಡುಪನ್ನೂ ಒಡವೆಯನ್ನೂ ಆಕೆ ಈ ಮಕ್ಕಳಿಗಾಗಿ ಕೊಟ್ಟುಬಿಟ್ಟರು. ಮಲಗಲು ಸೂರಿಲ್ಲದ ಕೆಲವು ಹುಡುಗರನ್ನು ಹುಲ್ಲಿನ ಅಟ್ಟದಲ್ಲಿ ಮಲಗಿಸಿದಾಗ, ಬೆಳಗಾಗುವುದರೊಳಗೆ ಅವರು ಕಂಬಳಿಗಳೊಡನೆ ಮಾಯವಾಗಿದ್ದರು. ಆದರೂ ತಾಯಿ ಮಗ ಬಾಗಿಲನ್ನು ಮುಚ್ಚಲಿಲ್ಲ. 1847ರ ಒಂದು ಮಳೆಯ ರಾತ್ರಿ ಮತ್ತೊಬ್ಬ ಅನಾಥ ಹುಡುಗ ಬಾಗಿಲು ತಟ್ಟಿದ. ಮಾರ್ಗರೀಟಾ ಅವರು ಇಟ್ಟಿಗೆಗಳ ಮೇಲೆ ಹಲಗೆಯಿಟ್ಟು ಅಡುಗೆಮನೆಯಲ್ಲಿಯೇ ಅವನಿಗೆ ಹಾಸಿಗೆ ಮಾಡಿದರು. ವಾಲ್ಡೊಕ್ಕೊದ ವಿದ್ಯಾರ್ಥಿನಿಲಯ ಆರಂಭವಾದುದು ಹೀಗೆ.

ಭಾನುವಾರದ ಕಾರ್ಯಕ್ರಮಕ್ಕೆ ಒಂದು ಕ್ರಮವಿತ್ತು. ಬೆಳಗಿನ ಪೂಜೆ ಮುಗಿದೊಡನೆ ಆಟ, ಅನಂತರ ಪಾಠ, ಮಧ್ಯಾಹ್ನ ಧರ್ಮೋಪದೇಶ, ಮತ್ತೆ ಕತ್ತಲಾಗುವವರೆಗೆ ಆಟ. ಉರುಳುಗುಂಡುಗಳು, ಚೆಂಡುಗಳು, ಮರಗಾಲುಗಳು, ಮರದ ಕತ್ತಿಗಳು, ಮುಂದೆ ವ್ಯಾಯಾಮದ ಸಾಧನಗಳು, ಇವು ಅಲ್ಲಿನ ಸಲಕರಣೆ. ನಮ್ಮ ಕಬಡ್ಡಿಯಂತೆ ಎರಡು ಪಕ್ಷಗಳಾಗಿ ನಿಂತು ಓಡಿ ಹಿಡಿಯುವ ಆಟವೊಂದು ಹುಡುಗರಿಗೆ ಅಚ್ಚುಮೆಚ್ಚು. ಬಾಸ್ಕೊ ಅವರು ಕುರ್ಚಿಯಲ್ಲಿ ಕುಳಿತು ನೋಡುವವರಲ್ಲ. ನಿಲುವಂಗಿಯನ್ನು ಎತ್ತಿ ಕಟ್ಟಿ ತಾವೇ ಒಂದು ಪಕ್ಷದ ನಾಯಕರಾಗಿ ಓಡುವರು. ಆಟದ ನಡುವೆಯೇ ಒಬ್ಬೊಬ್ಬನ ಬಳಿ ನಿಂತು ಕಿವಿಯಲ್ಲಿ ಒಂದು ಮಾತು ಹೇಳುವರು. ಕೆಲಸ ಬಿಟ್ಟವನಾರು, ಮೇಸ್ತ್ರಿಯೊಡನೆ ಜಗಳವಾಡಿದವನಾರು, ಮೂಲೆಯಲ್ಲಿ ಮಂಕಾಗಿ ನಿಂತವನಾರು ಎಂಬುದೆಲ್ಲ ಅವರಿಗೆ ತಿಳಿಯುತ್ತಿದ್ದುದು ಬಯಲಿನಲ್ಲಿಯೇ. ಹಿಂದೆ ಸೈನಿಕನಾಗಿದ್ದ ಬ್ರೋಸಿಯೊ ಎಂಬಾತ ಹುಡುಗರಿಗೆ ಮರದ ಬಂದೂಕುಗಳನ್ನು ಕೊಟ್ಟು ಕವಾಯತು ಕಲಿಸುತ್ತಿದ್ದ. ಒಮ್ಮೆ ಹುಸಿಯುದ್ಧದ ಹುಮ್ಮಸ್ಸಿನಲ್ಲಿ ಎರಡೂ ಪಡೆಗಳು ಮಾರ್ಗರೀಟಾ ಅವರ ತರಕಾರಿ ಮಡಿಗಳ ಮೇಲೆ ನುಗ್ಗಿ ಎಲ್ಲವನ್ನೂ ತುಳಿದುಹಾಕಿದುವು. ಬೇಸರದಿಂದ ಆಕೆ ಹಳ್ಳಿಗೆ ಮರಳುವೆನೆಂದರು. ಮಗ ಮಾತನಾಡದೆ ಗೋಡೆಯ ಮೇಲಿನ ಶಿಲುಬೆಯತ್ತ ಬೆರಳು ತೋರಿದರು. ತಾಯಿ ಸುಮ್ಮನೆ ಮತ್ತೆ ಕೆಲಸಕ್ಕೆ ತೊಡಗಿದರು. 1856ರಲ್ಲಿ ಕಣ್ಣು ಮುಚ್ಚುವವರೆಗೂ ಅವರು ಆ ಮಕ್ಕಳ ನಡುವೆಯೇ ಉಳಿದರು.

ಆಟದಿಂದ ಮೂಡಿದ ಸಲಿಗೆ ವಾರದ ಉಳಿದ ದಿನಗಳಲ್ಲಿ ಫಲ ಕೊಡುತ್ತಿತ್ತು. ಬಾಸ್ಕೊ ಅವರು ಹುಡುಗರು ದುಡಿಯುವ ಎಡೆಗಳಿಗೆ ಹೋಗಿ ಅವರ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಎಳೆಯರನ್ನು ಮಾಲಿಕರು ಬೇರೆ ಚಾಕರಿಗಳಿಗೆ ಹಚ್ಚುವುದು, ಹೊಡೆಯುವುದು ಆಗ ಮಾಮೂಲಾಗಿತ್ತು. 1851ರಿಂದ ಬಾಸ್ಕೊ ಅವರು ಮಾಲಿಕರಿಂದ ಲಿಖಿತ ಕರಾರುಗಳಿಗೆ ಸಹಿ ಮಾಡಿಸತೊಡಗಿದರು. ಹುಡುಗನಿಗೆ ಕಸುಬನ್ನು ಕಲಿಸಬೇಕು, ಬೇರೆ ಚಾಕರಿ ಹೇಳಬಾರದು, ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈ ಎತ್ತಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬುವು ಅವುಗಳಲ್ಲಿನ ಷರತ್ತುಗಳು. ದುಡಿಯುವ ಹುಡುಗರಿಗಾಗಿ ಸಂಜೆಯ ಶಾಲೆಗಳನ್ನು ನಡೆಸಿದರು. ಹೊಸ ದಶಮಾಂಶ ಅಳತೆಗಳು ಜಾರಿಗೆ ಬರಲಿದ್ದಾಗ, ಜನಸಾಮಾನ್ಯರಿಗೆ ತಿಳಿಯುವಂತೆ ಅವುಗಳನ್ನು ಕುರಿತು 1849ರಲ್ಲಿ ಪುಟ್ಟ ಪುಸ್ತಕ ಬರೆದರು. 1853ರಲ್ಲಿ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಅನಂತರದ ವರ್ಷಗಳಲ್ಲಿ ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ, ಕಮ್ಮಾರಿಕೆ ಸೇರಿದುವು. ಕಿಯೇರಿಯ ಬಡ ವಿದ್ಯಾರ್ಥಿ ಬಿಡುವಿನಲ್ಲಿ ಕಲಿತ ಕಸುಬುಗಳು ಹೀಗೆ ಕೈಗೆ ಬಂದುವು.

1857ರ ಒಂದು ಮಂಜು ಕವಿದ ಸಂಜೆ ಬಾಸ್ಕೊ ಅವರು ಕಾರ್ಮಾಞೋಲಾ ಎಂಬ ಊರಿನ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾದಿದ್ದರು. ಮಂಜಿನೊಳಗಿಂದ ಹುಡುಗರ ಕೂಗಾಟ ಕೇಳಿಸಿತು. ಎಲ್ಲರ ದನಿಯನ್ನೂ ಮೀರಿ ಒಂದು ದನಿ ಅಪ್ಪಣೆ ಕೊಡುತ್ತಿತ್ತು. ಅವರು ದನಿಯ ಜಾಡು ಹಿಡಿದು ಗುಂಪಿನ ನಡುವೆ ಹೋಗಿ ನಿಂತರು. ಪಾದ್ರಿಯನ್ನು ಕಂಡು ಉಳಿದವರು ಚೆದರಿದರು. ಒಬ್ಬ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತ. ಅವನು ಮೈಕೆಲ್ ಮಗೋನೆ, ಆ ಗುಂಪಿನ ಸೇನಾಪತಿ. ತಂದೆಯಿಲ್ಲದ, ಶಾಲೆಯಿಂದ ಹೊರದೂಡಲ್ಪಟ್ಟ ಹುಡುಗ. ಆ ದಿಟ್ಟತನದ ಹಿಂದಿರುವ ಶಕ್ತಿಯನ್ನು ಬಾಸ್ಕೊ ಗುರುತಿಸಿ ವಾಲ್ಡೊಕ್ಕೊಗೆ ಕರೆಸಿಕೊಂಡರು. ಆಟದ ಗಂಟೆ ಹೊಡೆದರೆ ಮಗೋನೆ ಬಿಲ್ಲಿನಿಂದ ಬಿಟ್ಟ ಬಾಣದಂತೆ ಬಯಲಿಗೆ ನುಗ್ಗುತ್ತಿದ್ದ. ಬಾಸ್ಕೊ ಅವರು ಆ ವೇಗಕ್ಕೆ ಕಡಿವಾಣ ಹಾಕಲಿಲ್ಲ. ಕಾಲಕ್ರಮದಲ್ಲಿ ಅವನು ತಾನಾಗಿಯೇ ಜಗಳಗಳನ್ನು ಬಿಡಿಸುವವನೂ ಹೊಸಬರಿಗೆ ಆಸರೆಯಾಗುವವನೂ ಆದ. 1859ರಲ್ಲಿ ಎಳೆವಯಸ್ಸಿನಲ್ಲಿಯೇ ಕಾಯಿಲೆಯಿಂದ ತೀರಿಕೊಂಡ ಈ ಹುಡುಗನ ಜೀವನವನ್ನು ಬಾಸ್ಕೊ ಅವರೇ ಪುಸ್ತಕವಾಗಿ ಬರೆದರು. ಇದಕ್ಕೆ ವ್ಯತಿರಿಕ್ತವಾಗಿ, ಡೊಮಿನಿಕ್ ಸಾವಿಯೊ ಎಂಬ ಮತ್ತೊಬ್ಬ ವಿದ್ಯಾರ್ಥಿ ಅತಿಯಾದ ಭಕ್ತಿಯಿಂದ ಆಟವನ್ನು ತೊರೆದು ಗಂಭೀರನಾಗಿ ಕುಳಿತಾಗ, ಹೋಗಿ ಗೆಳೆಯರೊಡನೆ ಆಡಬೇಕೆಂದು ಅವರು ಬುದ್ಧಿ ಹೇಳಿದರು.

ಹುಡುಗರ ಮೇಲೆ ಬಾಸ್ಕೊ ಅವರಿಗಿದ್ದ ನಂಬಿಕೆಗೆ ಅವರ ಚರಿತ್ರೆಯನ್ನು ಬರೆದವರು ಒಂದು ಘಟನೆಯನ್ನು ಹೇಳುತ್ತಾರೆ. 1855ರಲ್ಲಿ ಅವರು ಟ್ಯೂರಿನ್ನಿನ ಬಾಲಾಪರಾಧಿಗಳ ಸೆರೆಮನೆಯಿಂದ ಸುಮಾರು 300 ಹುಡುಗರನ್ನು, ಕಾವಲುಗಾರರಿಲ್ಲದೆ, ಒಂದು ದಿನದ ವಿಹಾರಕ್ಕೆ ಕರೆದೊಯ್ದರು. ಹುಡುಗರು ದಿನವೆಲ್ಲ ಬಯಲಿನಲ್ಲಿ ಆಡಿ ನಲಿದರು. ಸಂಜೆ ಎಣಿಸಿ ನೋಡಿದಾಗ ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ.

1859ರಲ್ಲಿ ಬಾಸ್ಕೊ ಅವರು ತಮ್ಮೊಡನೆ ಬೆಳೆದ ತರುಣರನ್ನೇ ಕೂಡಿಸಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದರು. 1872ರಲ್ಲಿ ಮೇರಿ ಮಜ್ಜಾರೆಲ್ಲೊ ಎಂಬಾಕೆಯ ಮುಂದಾಳುತನದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಸೋದರಿಯರ ಸಭೆ ಹುಟ್ಟಿತು. 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯನ್ನು ಅವರು ಒಂದು ಕಿರುಬರಹದಲ್ಲಿ ವಿವರಿಸಿದರು. ತಪ್ಪು ಮಾಡಿದ ಮೇಲೆ ದಂಡಿಸುವ ಪದ್ಧತಿಗಿಂತ, ತಪ್ಪಿಗೆ ಎಡೆಯಾಗದಂತೆ ಜೊತೆಯಲ್ಲಿದ್ದು ನಡೆಸುವ ಪದ್ಧತಿ ಲೇಸು. ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಅದರ ಆಧಾರಗಳು. ಮಕ್ಕಳಿಗೆ ಮನಸಾರೆ ನೆಗೆಯಲು, ಓಡಲು, ಗದ್ದಲ ಮಾಡಲು ಧಾರಾಳವಾದ ಸ್ವಾತಂತ್ರ್ಯವಿರಬೇಕು; ವ್ಯಾಯಾಮ, ಸಂಗೀತ, ನಾಟಕ, ಕಾಲುನಡಿಗೆಯ ಪ್ರವಾಸ ಇವು ಶಿಸ್ತಿಗೂ ಆರೋಗ್ಯಕ್ಕೂ ಸಹಾಯಕಗಳೆಂಬುದು ಅವರ ನಿಲುವು.

ಸಂಸ್ಥೆ ದೊಡ್ಡದಾದಂತೆ ಒಂದು ಕೊರತೆ ತಲೆದೋರಿತು. 1884ರ ಮೇ 10ರಂದು ರೋಮಿನಿಂದ ಬಾಸ್ಕೊ ಅವರು ವಾಲ್ಡೊಕ್ಕೊಗೆ ಒಂದು ದೀರ್ಘವಾದ ಪತ್ರವನ್ನು ಕಳುಹಿಸಿದರು. ತಾವು ಕನಸಿನಲ್ಲಿ ಎರಡು ಬಯಲುಗಳನ್ನು ಕಂಡುದಾಗಿ ಅದರಲ್ಲಿ ವಿವರಿಸಿದರು. ಮೊದಲನೆಯದು ಹಳೆಯ ದಿನಗಳ ಬಯಲು. ಅಲ್ಲಿ ಎಲ್ಲೆಡೆ ಓಟ, ನೆಗೆತ, ಹಾಡು, ನಗೆ. ಹುಡುಗರ ನಡುವೆ ಗುರುಗಳು. ಎರಡನೆಯದು ಅಂದಿನ ಬಯಲು. ಅಲ್ಲಿ ಆಟಕ್ಕೆ ಕಳೆಯಿಲ್ಲ. ಹುಡುಗರು ಕಂಬಗಳಿಗೆ ಒರಗಿ ಬೇಸರದಿಂದ ನಿಂತಿದ್ದಾರೆ, ಗುಂಪುಗುಂಪಾಗಿ ಪಿಸುಗುಟ್ಟುತ್ತಿದ್ದಾರೆ. ಗುರುಗಳು ತಮ್ಮತಮ್ಮಲ್ಲಿಯೇ ಮಾತನಾಡುತ್ತ ದೂರದಲ್ಲಿ ನಡೆದಾಡುತ್ತಿದ್ದಾರೆ. ಕಟ್ಟಡಗಳು ಬೆಳೆದಿದ್ದುವು, ಶಿಕ್ಷಕರು ಹೆಚ್ಚಿದ್ದರು, ನಿಯಮಗಳೂ ಇದ್ದುವು. ಆದರೆ ಗುರು ಬಯಲಿಗೆ ಇಳಿಯುವುದು ನಿಂತುಹೋಗಿತ್ತು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂಬುದು ಮಕ್ಕಳಿಗೆ ತಿಳಿಯುವಂತಿರಬೇಕು. ಅದು ತಿಳಿಯುವುದು ಗುರು ಅವರ ಆಟದಲ್ಲಿ ಭಾಗಿಯಾದಾಗ ಎಂದು 68 ವರ್ಷದ ಆ ಹಿರಿಯರು ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಆ ವೇಳೆಗೆ ಅವರ ಕಾಲುಗಳು ಊದಿಕೊಂಡಿದ್ದುವು, ಕಣ್ಣು ಮಂದವಾಗಿತ್ತು. ತಾವು ಓಡಲಾರದವರಾದರೂ ಓಡುವ ಮಕ್ಕಳನ್ನೇ ಅವರು ನೆನೆಯುತ್ತಿದ್ದರು.

1888ನೆಯ ಇಸವಿ ಜನವರಿ 31ರ ಮುಂಜಾವಿನಲ್ಲಿ ಡಾನ್ ಬಾಸ್ಕೊ ಅವರು ವಾಲ್ಡೊಕ್ಕೊದಲ್ಲಿ ನಿಧನ ಹೊಂದಿದರು. 1934ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಅವರ ಶಿಷ್ಯರು 1875ರಲ್ಲಿಯೇ ಅರ್ಜೆಂಟೀನಾ ದೇಶಕ್ಕೆ ಹೋಗಿದ್ದರು. 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕೆಲಸ ಆರಂಭಿಸಿದರು. ಇಂದು ನಮ್ಮ ದೇಶದ ಅನೇಕ ನಗರಗಳಲ್ಲಿ ಅವರ ಹೆಸರಿನ ಶಾಲೆಗಳೂ ಕಸುಬು ಕಲಿಸುವ ಕೇಂದ್ರಗಳೂ ಇವೆ. ಬೆಂಗಳೂರಿನಲ್ಲಿ ಬೀದಿಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಸಂಸ್ಥೆಯ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. ಇಂಗ್ಲಿಷಿನಲ್ಲಿ ಆ ಹೆಸರನ್ನು ಚಿಕ್ಕದಾಗಿಸಿದರೆ ಬಾಸ್ಕೊ ಎಂದೇ ಆಗುತ್ತದೆ.

ಟ್ಯೂರಿನ್ನಿನ ಗಾರೆ ಹುಡುಗರಿಗೂ ಪೀಣ್ಯ ಬಾಗಲಗುಂಟೆಗಳ ಕಾರ್ಮಿಕರ ಮಕ್ಕಳಿಗೂ ನಡುವೆ ಕಾಲ ದೇಶಗಳ ಅಂತರ ದೊಡ್ಡದು. ಆದರೆ ಓಡಲು ಒಂದು ಬಯಲು ಬೇಕೆಂಬ ಆಸೆ, ತಮ್ಮನ್ನು ಹೆಸರು ಹಿಡಿದು ಕರೆಯುವ ಹಿರಿಯರೊಬ್ಬರು ಬೇಕೆಂಬ ಹಂಬಲ ಇಬ್ಬರಿಗೂ ಒಂದೇ. ಶಾಲೆಯ ಆಟದ ಗಂಟೆ ಹೊಡೆದಾಗ ಮಕ್ಕಳೊಡನೆ ಬಯಲಿಗೆ ಇಳಿಯುವ ಗುರು ಯಾವ ಊರಿನಲ್ಲಿದ್ದರೂ, ಯಾವ ಮತಕ್ಕೆ ಸೇರಿದವರಾಗಿದ್ದರೂ, ಡಾನ್ ಬಾಸ್ಕೊ ಅವರ ಕೆಲಸವನ್ನು ಮುಂದುವರಿಸುತ್ತಿರುವರೆಂದೇ ಹೇಳಬೇಕು.